ಹೂಗ್ಯಂನಿಂದ ಆಪರೇಷನ್ ಕೋಣೆಗೆ ಎಷ್ಟು ದೂರ?

ಹೂಗ್ಯಂ ಎಂಬ ಹೆಸರು ನಾಡಿನ ಬಹುಪಾಲು ಜನರ ಕಿವಿಗೆ ಬಿದ್ದದ್ದು 2025ರ ಜೂನ್ ಕೊನೆಯಲ್ಲಿ. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ವಿಷದಿಂದ ಸತ್ತು ಬಿದ್ದಿದ್ದವು. ಅಧಿಕಾರಿಗಳು ಬಂದರು, ಪಶುವೈದ್ಯರು ಬಂದರು, ಕ್ಯಾಮೆರಾಗಳು ಬಂದವು, ಸರ್ಕಾರ ತನಿಖೆಗೆ ಆದೇಶಿಸಿತು. ಆ ಹುಲಿಗಳಿಗಾಗಿ ನಾಡು ಮರುಗಿದ್ದು ಸರಿಯೇ. ಆ ಸುದ್ದಿಗಳನ್ನು ಓದುವಾಗ ನನ್ನ ಮನಸ್ಸು ಮಾತ್ರ ಅದೇ ರಸ್ತೆಯಲ್ಲಿ ಎದುರು ದಿಕ್ಕಿಗೆ ಸಾಗುವ ಇನ್ನೊಂದು ಪ್ರಯಾಣದ ಕಡೆಗೆ ಹೊರಳುತ್ತಿತ್ತು. ರಾತ್ರಿ ಹತ್ತರ ಮೇಲೆ ಹೊಟ್ಟೆನೋವು ತಾಳಲಾರದೆ ಒದ್ದಾಡುವ ಗಂಡಸು, ನೋವು ಶುರುವಾಗಿ ದಿನ ಕಳೆದರೂ ಹೆರಿಗೆಯಾಗದ ಹೆಣ್ಣುಮಗಳು, ಮೂಳೆ ಚರ್ಮ ಸೀಳಿ ಹೊರಬಂದ ಕಾಲನ್ನು ಟವೆಲಿನಲ್ಲಿ ಸುತ್ತಿಕೊಂಡ ಹುಡುಗ. ಇವರೆಲ್ಲ ಆ ರಸ್ತೆಯಲ್ಲಿ ಕಾಡಿನಿಂದ ಊರಿನ ಕಡೆಗೆ ಹೋಗುವವರು. ಅವರ ಹಿಂದೆ ಯಾವ ಕ್ಯಾಮೆರಾವೂ ಹೋಗುವುದಿಲ್ಲ.

ಹನೂರು ತಾಲ್ಲೂಕಿನ ಭೂಪಟ ಬಿಡಿಸಿ ನೋಡಿದರೆ ಹೂಗ್ಯಂ, ಮಿಣ್ಯಂ, ಗರಿಕೆಕಂಡಿಯ ಕಡೆಯ ಊರುಗಳೆಲ್ಲ ರಾಜ್ಯದ ಅಂಚಿನಲ್ಲಿ, ಕಾಡಿನ ನಡುವೆ ಇವೆ. ಆಚೆಗೆ ತಮಿಳುನಾಡಿನ ಬರಗೂರು ಬೆಟ್ಟ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಜನ. ಕೊಳ್ಳೇಗಾಲ ಸೀಮೆಯೇ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಯಮತ್ತೂರಿಗೂ ದೂರ, ಮೈಸೂರಿಗೂ ದೂರ. ರಾಮಾಪುರ ದಾಟಿ ಹನೂರು ಮುಟ್ಟಬೇಕು, ಹನೂರಿನಿಂದ ಕೊಳ್ಳೇಗಾಲ ಸುಮಾರು 25 ಕಿ.ಮೀ., ಅಲ್ಲಿಂದ ಮೈಸೂರು ಇನ್ನೂ 60 ಕಿ.ಮೀ.ಗೆ ಮೇಲೆ. ರೋಗಿಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ಚೀಟಿಯಲ್ಲಿ ಬರೆಯುವ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಎರಡು ಪದಗಳ ಅರ್ಥ ಇಲ್ಲಿ ಇಷ್ಟು ಕಿಲೋಮೀಟರು.

ರಸ್ತೆ ಇರುವ ಊರಿನ ಮಾತಾಯಿತು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಇಂಡಿಗನತ್ತ, ಮೆಂದಾರೆ, ಪಡಸಲನತ್ತದಂಥ ಕಾಡೊಳಗಿನ ಊರುಗಳಲ್ಲಿ ರೋಗಿ ಮೊದಲು ಡೋಲಿ ಹತ್ತಬೇಕು. ಒಂದು ಉದ್ದನೆಯ ಗಳ, ಅದಕ್ಕೆ ಜೋಲಿಯಂತೆ ಕಟ್ಟಿದ ಕಂಬಳಿ ಅಥವಾ ಸೀರೆ. ಹೊರುವವರು ಇಬ್ಬರೇ ಆದರೆ ಸಾಲದು, ಹೆಗಲು ಬದಲಿಸಲು ನಾಲ್ಕಾರು ಮಂದಿ ಜೊತೆಗೆ ನಡೆಯಬೇಕು. ಮುಂದೊಬ್ಬ ಬ್ಯಾಟರಿ ಹಿಡಿದು ಸದ್ದು ಮಾಡುತ್ತ ಹೋಗುತ್ತಾನೆ, ಆನೆ ಇದ್ದರೆ ಸರಿಯಲಿ ಎಂದು. ಅರಣ್ಯ ಇಲಾಖೆ ಕೆಲವು ವರ್ಷಗಳ ಹಿಂದೆ ಈ ಊರುಗಳಿಗೆ ‘ಜನ–ವನ’ ಎಂಬ ಜೀಪು ಸೌಕರ್ಯ ಶುರುಮಾಡಿತು. ಅದು ಒಳ್ಳೆಯ ಕೆಲಸ. ಆದರೂ 2024ರ ಏಪ್ರಿಲ್‌ನಲ್ಲಿ ಇಂಡಿಗನತ್ತದಲ್ಲಿ ಮತಗಟ್ಟೆಯೇ ಧ್ವಂಸವಾಗಿ ಮರುಮತದಾನ ನಡೆಯಬೇಕಾಯಿತು. ಆ ಸಿಟ್ಟಿನ ಬುಡದಲ್ಲಿದ್ದದ್ದು ರಸ್ತೆ, ನೀರು, ಕರೆಂಟು ಇಲ್ಲದ ಬದುಕು. ಮತಯಂತ್ರ ಒಡೆದದ್ದನ್ನು ಯಾರೂ ಒಪ್ಪಲಾರರು. ಆದರೆ ಡೋಲಿ ಹೊತ್ತ ಹೆಗಲಿನ ನೋವು ಎಂಥದ್ದೆಂದು ತಿಳಿಯದೆ ಆ ಸಿಟ್ಟನ್ನು ಅಳೆಯಲೂ ಆಗದು.

ತಾಯಂದಿರ ಸಾವಿನ ಬಗ್ಗೆ ಕೆಲಸ ಮಾಡಿದ ತಜ್ಞರು 1994ರಲ್ಲೇ ಮೂರು ಬಗೆಯ ವಿಳಂಬಗಳನ್ನು ಗುರುತಿಸಿದ್ದರು. ಆಸ್ಪತ್ರೆಗೆ ಹೋಗೋಣವೆಂದು ತೀರ್ಮಾನಿಸುವಲ್ಲಿ ಒಂದು, ದಾರಿ ಸವೆಸುವಲ್ಲಿ ಇನ್ನೊಂದು, ಆಸ್ಪತ್ರೆಯ ಬಾಗಿಲು ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ಮತ್ತೊಂದು. “ಬೆಳಗಾಗ್ಲಿ ಕಣಪ್ಪ, ಆಮೇಕೆ ಕರ್ಕೊಂಡು ಹೋಗವ” ಎನ್ನುವ ಹಿರಿಯರ ಮಾತಿನಲ್ಲಿ ಮೊದಲ ವಿಳಂಬವಿದೆ. ಅದನ್ನು ಅಜ್ಞಾನ ಎಂದು ಪಟ್ಟಣದವರು ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಾತ್ರಿ ಕಾಡುದಾರಿಯಲ್ಲಿ ಆನೆ ಇದೆ, ಗಾಡಿಗೆ ಸಾವಿರಾರು ರೂಪಾಯಿ ಬೇಕು, ಅಷ್ಟು ಮಾಡಿ ಹೋದರೂ ‘ಡಾಕ್ಟರ್ ಇಲ್ಲ, ಮುಂದಕ್ಕೆ ಹೋಗಿ’ ಎನ್ನುತ್ತಾರೆ ಎಂದು ಅನುಭವದಿಂದ ಬಲ್ಲವರು ಬೆಳಕಿಗೆ ಕಾಯುತ್ತಾರೆ. ಮೂರನೆಯ ವಿಳಂಬವೇ ಮೊದಲನೆಯದನ್ನು ಹುಟ್ಟಿಸುತ್ತದೆ. ಇತ್ತ ದೇಹಕ್ಕೆ ಕಾಯುವ ವ್ಯವಧಾನವಿಲ್ಲ. ಹೆರಿಗೆಯಾದ ಮೇಲೆ ರಕ್ತ ಸುರಿಯತೊಡಗಿದರೆ ಚಿಕಿತ್ಸೆ ಸಿಗದ ತಾಯಿಗೆ ಇರುವುದು ಸರಾಸರಿ ಎರಡೇ ಗಂಟೆ.

ಆ ಎರಡು ಗಂಟೆಯ ಲೆಕ್ಕ ಜಗತ್ತಿನ ಮಟ್ಟದಲ್ಲೂ ಒಂದು ಅಳತೆಗೋಲಾಗಿದೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ್ದ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ ತನ್ನ ವರದಿ ಕೊಟ್ಟಿತು. ಭೂಮಿಯ ಮೇಲಿನ 500 ಕೋಟಿ ಜನರಿಗೆ ಬೇಕಾದ ಹೊತ್ತಿಗೆ, ಕೈಗೆಟಕುವ ವೆಚ್ಚದಲ್ಲಿ ಸುರಕ್ಷಿತವಾದ ಆಪರೇಷನ್ ಸಿಗುವುದಿಲ್ಲ ಎಂದಿತು. ಪ್ರತಿ ಲಕ್ಷ ಜನರಿಗೆ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಪ್ರಸೂತಿ ತಜ್ಞರು ಎಲ್ಲ ಸೇರಿ ಕನಿಷ್ಠ 20 ಮಂದಿ ಇರಬೇಕು, ವರ್ಷಕ್ಕೆ 5,000 ಆಪರೇಷನ್‌ಗಳು ನಡೆಯಬೇಕು ಎಂದಿತು. 2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10 ಲಕ್ಷದ 20 ಸಾವಿರ. ಅಂದರೆ ಈ ಜಿಲ್ಲೆಗೆ ಇಂಥ 200 ಮಂದಿ ತಜ್ಞರು ಬೇಕು, ವರ್ಷಕ್ಕೆ 50 ಸಾವಿರ ಆಪರೇಷನ್ ಆಗಬೇಕು. ಆ ತಜ್ಞರು ಚಾಮರಾಜನಗರ ಪಟ್ಟಣದಲ್ಲೋ ಕೊಳ್ಳೇಗಾಲದಲ್ಲೋ ಮಾತ್ರ ಇದ್ದರೆ ಹೂಗ್ಯಂಗೆ ಆ ಲೆಕ್ಕದಿಂದ ಬಂದ ಭಾಗ್ಯವೇನೂ ಇಲ್ಲ. ಅದಕ್ಕೇ ಆಯೋಗ ಇನ್ನೊಂದು ಮಾತು ಸೇರಿಸಿತು: ಮೂರು ಆಪರೇಷನ್‌ಗಳು ಎಲ್ಲರಿಗೂ ಎರಡು ಗಂಟೆಯ ದಾರಿಯೊಳಗೆ ಸಿಗಬೇಕು. ಸಿಸೇರಿಯನ್ ಹೆರಿಗೆ. ಹೊಟ್ಟೆ ತೆರೆದು ಮಾಡುವ ತುರ್ತು ಚಿಕಿತ್ಸೆ. ಚರ್ಮ ಹರಿದು ಹೊರಬಂದ ಮೂಳೆಮುರಿತದ ಚಿಕಿತ್ಸೆ. ಈ ಮೂರನ್ನು ಮಾಡಬಲ್ಲ ಆಸ್ಪತ್ರೆ ಉಳಿದ ಬಹುತೇಕ ಆಪರೇಷನ್‌ಗಳನ್ನೂ ಮಾಡಬಲ್ಲದು.

ಮೂರನ್ನೂ ಮಾಡಲು ಏನು ಬೇಕು? ಕತ್ತರಿ, ಚಾಕು, ಟೇಬಲ್, ದೀಪ ಎಂದು ನಾವು ಅಂದುಕೊಳ್ಳುತ್ತೇವೆ. ಅವು ಸಿಗುತ್ತವೆ. ಸಿಗದಿರುವುದು ಅರಿವಳಿಕೆ ಕೊಡುವ ಒಬ್ಬ ಮನುಷ್ಯ ಮತ್ತು ಎರಡು ಬಾಟಲಿ ರಕ್ತ.

ಸಿಸೇರಿಯನ್‌ಗೆ ಮುಂಚೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಬಸುರಿಯನ್ನು ಟೇಬಲ್ಲಿನ ಅಂಚಿಗೆ ಕೂರಿಸುತ್ತಾರೆ. ಮುಂದೆ ನಿಂತ ನರ್ಸ್ ಅವಳ ಎರಡು ಭುಜಗಳನ್ನು ತನ್ನ ಎದೆಗೆ ಒರಗಿಸಿಕೊಂಡು, “ಹೆದರ್ಬೇಡ ಕಣವ್ವ, ಬೆನ್ನು ಬಗ್ಗಿಸು” ಎನ್ನುತ್ತಾಳೆ. ಬೆನ್ನು ಬಿಲ್ಲಿನಂತೆ ಬಾಗಿದಾಗ ಮೂಳೆಗಳ ನಡುವಿನ ಸಂದು ಬೆರಳಿಗೆ ಸಿಗುತ್ತದೆ. ಕೂದಲೆಳೆಯಂಥ ಸೂಜಿ ಒಳಗೆ ಹೋಗುತ್ತದೆ. ಅದರ ಹೊರಗಿನ ತುದಿಯಲ್ಲಿ ತಿಳಿನೀರಿನಂಥ ಒಂದು ಹನಿ ಕಾಣಿಸಿಕೊಂಡರೆ ಜಾಗ ಸರಿಯಾಗಿದೆ ಎಂದರ್ಥ. ಮದ್ದು ಒಳಗಿಳಿದ ಕೆಲವೇ ನಿಮಿಷಗಳಲ್ಲಿ ಕಾಲು ಭಾರವಾಗುತ್ತದೆ, ಸೊಂಟದ ಕೆಳಗೆ ನೋವು ಮಾಯವಾಗುತ್ತದೆ. ತಾಯಿ ಎಚ್ಚರವಾಗಿದ್ದು ಮಗುವಿನ ಮೊದಲ ಅಳು ಕೇಳಬಲ್ಲಳು. ಇಷ್ಟಕ್ಕೆ ದುಬಾರಿ ಯಂತ್ರ ಬೇಡ. ಆದರೆ ಆ ಮದ್ದಿನಿಂದ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು, ಮದ್ದು ಮೇಲಕ್ಕೇರಿ ಉಸಿರಾಟಕ್ಕೂ ತೊಂದರೆಯಾಗಬಹುದು. ಅದನ್ನು ಕಂಡ ಕೂಡಲೇ ಸರಿಪಡಿಸಲು ತಲೆಯ ಬಳಿ ಒಬ್ಬರು ಕಣ್ಣು ಕೀಳದೆ ಕೂತಿರಬೇಕು. ಹೊಟ್ಟೆ ಕೊಯ್ಯುವ ಡಾಕ್ಟರರೇ ಆ ಕೆಲಸವನ್ನೂ ಮಾಡಲಾಗದು.

ತಜ್ಞರು ಸಿಗದ ಕಡೆ ಎಂಬಿಬಿಎಸ್ ವೈದ್ಯರಿಗೇ ಕೆಲವು ತಿಂಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಕಾರ್ಯಕ್ರಮ ನಮ್ಮ ದೇಶದಲ್ಲಿದೆ. ಕೆಟಮಿನ್ ಎಂಬ ಔಷಧವಿದೆ. 1970ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದು ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಬಳಕೆಯಾದ ಇದು ಸಾಮಾನ್ಯವಾಗಿ ಉಸಿರಾಟವನ್ನು ಅಡಗಿಸದೆ, ರಕ್ತದೊತ್ತಡವನ್ನು ಇಳಿಸದೆ ನೋವು ಮರೆಸುತ್ತದೆ. ಬೆಲೆಯೂ ಕಡಿಮೆ. ಜಗತ್ತಿನ ಬಡ ಊರುಗಳ, ಯುದ್ಧಭೂಮಿಗಳ ಆಪರೇಷನ್ ಕೋಣೆಗಳಲ್ಲಿ ಇವತ್ತಿಗೂ ಅದರದೇ ಆಸರೆ.

ರಕ್ತದ ಕಥೆ ಬೇರೆ. ಹಿಂದೆ ಸಣ್ಣ ಆಸ್ಪತ್ರೆಗಳಲ್ಲಿ ಅಣ್ಣನದೋ ಗಂಡನದೋ ರಕ್ತ ತೆಗೆದು, ಪರೀಕ್ಷೆ ಮಾಡಿ, ಆಗಿಂದಾಗಲೇ ರೋಗಿಗೆ ಏರಿಸುತ್ತಿದ್ದರು. ಸೋಂಕಿನ ಭಯವೂ ರಕ್ತ ಮಾರುವ ದಂಧೆಯೂ ಹೆಚ್ಚಿದ ಕಾಲದಲ್ಲಿ, 1996ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಪರವಾನಗಿ ಇಲ್ಲದ ರಕ್ತ ಸಂಗ್ರಹಕ್ಕೆ ತಡೆ ಬಿತ್ತು. ಆ ತೀರ್ಪು ನಗರಗಳನ್ನು ಕಾಪಾಡಿತು. ಹಳ್ಳಿಯ ಶಸ್ತ್ರವೈದ್ಯರ ಕೈ ಮಾತ್ರ ಕಟ್ಟಿಹೋಯಿತು. 2001ರಲ್ಲಿ ನಿಯಮ ತಿದ್ದಿ, ಸಣ್ಣ ಆಸ್ಪತ್ರೆಗಳು ದೊಡ್ಡ ರಕ್ತನಿಧಿಯಿಂದ ರಕ್ತ ತಂದು ಶೇಖರಿಸಿಡಲು ಅವಕಾಶ ಕೊಟ್ಟರು. ಅದಕ್ಕೆ ಬೇಕಾದದ್ದು 2ರಿಂದ 6 ಡಿಗ್ರಿಯಲ್ಲಿ ಸದಾ ತಣ್ಣಗಿರುವ ಒಂದು ಪೆಟ್ಟಿಗೆ, ಕೈಕೊಡದ ಕರೆಂಟು, ತರಬೇತಾದ ಒಬ್ಬ ತಂತ್ರಜ್ಞ. ಒಂದು ಕಾರಿನ ಬೆಲೆಯೂ ಬಾರದ ಈ ಏರ್ಪಾಡು ಇಲ್ಲದೆ ತಾಯಂದಿರು ದಾರಿಯಲ್ಲಿ ಸಾಯುತ್ತಾರೆ ಎಂಬುದನ್ನು ನನಗೆ ಯಾವತ್ತೂ ಅರಗಿಸಿಕೊಳ್ಳಲಾಗಿಲ್ಲ.

ಈ ಸೀಮೆಯ ಗಾಯಗಳೂ ಪಟ್ಟಣದ ಗಾಯಗಳಂತಲ್ಲ. ಬೈಕಿನಿಂದ ಬಿದ್ದವರು ಎಲ್ಲ ಕಡೆ ಇದ್ದಾರೆ. ಇಲ್ಲಿ ಆನೆ ತುಳಿದವರು, ಜೇನು ಕೀಳಲು ಹೋಗಿ ಮರದಿಂದ ಬಿದ್ದವರು, ಹಂದಿಗೆ ಇಟ್ಟ ಸಿಡಿಮದ್ದಿನಿಂದ ಬೆರಳು ಕಳೆದುಕೊಂಡವರು ಇರುತ್ತಾರೆ. ಎಲ್ಲಕ್ಕಿಂತ ಭೀಕರ ಕರಡಿಯ ಗಾಯ. ಬಂಡೆಯ ಸಂದಿಯಲ್ಲಿ ಮಲಗಿದ್ದ ಕರಡಿ ಮನುಷ್ಯನ ಸಪ್ಪಳಕ್ಕೆ ಬೆಚ್ಚಿ ಹಿಂಗಾಲ ಮೇಲೆ ನಿಂತು ಹೊಡೆಯುವುದು ಮುಖಕ್ಕೆ. ಕಣ್ಣು, ಮೂಗು, ತುಟಿ ಕಿತ್ತು ಬಂದಿರುತ್ತವೆ. ಅಂಥ ಗಾಯಕ್ಕೆ ಮೊದಲ ಚಿಕಿತ್ಸೆ ಸೂಜಿದಾರವಲ್ಲ, ನೀರು. ಲೀಟರುಗಟ್ಟಲೆ ಶುದ್ಧ ನೀರಿನಿಂದ ಮಣ್ಣು, ಎಲೆ, ಕೂದಲು, ಕೊಳೆ ಹೋಗುವವರೆಗೆ ತೊಳೆಯಬೇಕು. ಸತ್ತ ಮಾಂಸವನ್ನು ಕತ್ತರಿಸಿ ತೆಗೆಯಬೇಕು. ಧನುರ್ವಾಯು, ಹುಚ್ಚುನಾಯಿ ರೋಗ ಎರಡಕ್ಕೂ ಚುಚ್ಚುಮದ್ದು ಹಾಕಬೇಕು. ಮುಖಕ್ಕೆ ರಕ್ತ ಚೆನ್ನಾಗಿ ಹರಿಯುವುದರಿಂದ ಅಲ್ಲಿನ ಗಾಯವನ್ನು ತೊಳೆದ ಮೇಲೆ ಬೇಗ ಹೊಲಿಯಬಹುದು. ತೊಡೆ, ಕಾಲಿನ ಕೊಳಕು ಗಾಯವನ್ನು ಹಾಗೆ ಹೊಲಿದರೆ ಒಳಗೇ ಕೊಳೆತು ಕಾಲೇ ಹೋಗುತ್ತದೆ. ಅದನ್ನು ತೆರೆದಿಟ್ಟು, ಬಟ್ಟೆ ಸುತ್ತಿ, ನಾಲ್ಕೈದು ದಿನ ಬಿಟ್ಟು ಗಾಯ ಶುಭ್ರವಾಗಿದ್ದರೆ ಆಗ ಹೊಲಿಯಬೇಕು. ಯುದ್ಧಗಾಯಗಳಿಗೆ ರೆಡ್ ಕ್ರಾಸ್‌ನ ಶಸ್ತ್ರವೈದ್ಯರು ಇವತ್ತಿಗೂ ಪಾಲಿಸುವ ಪಾಠ ಇದೇ. ಗುಂಡಿನ ಗಾಯಕ್ಕೆ ಕಲಿತದ್ದು ಕಾಡುಹಂದಿ ಸೀಳಿದ ತೊಡೆಗೂ ಸಲ್ಲುತ್ತದೆ.

ಈ ಬೆಟ್ಟಗಳಲ್ಲಿ ಅದನ್ನೆಲ್ಲ ಬಲ್ಲವರು ಬಂದು ನೆಲೆಸಿದ ಉದಾಹರಣೆ ಇದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಯುವಕರಾಗಿ ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ ಸೋಲಿಗರ ನಡುವೆಯೇ ಆಸ್ಪತ್ರೆ ನಡೆಸಿದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅವರ ಕರುಣಾ ಟ್ರಸ್ಟ್ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡಿತು. ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆ. ಅಂಥವರಿಗೆ ಅರಿವಳಿಕೆ ಕೊಡುವಾಗ ಮೈ ತಣ್ಣಗಾದರೆ, ನೀರಿನಂಶ ಇಳಿದರೆ, ಆಮ್ಲಜನಕ ಕಡಿಮೆಯಾದರೆ ರಕ್ತಕಣಗಳು ಕುಡುಗೋಲಿನಂತೆ ಬಾಗಿ ನಾಳಗಳನ್ನು ಕಟ್ಟಿಬಿಡುತ್ತವೆ. ಜನರ ನಡುವೆ ಬದುಕಿದ ವೈದ್ಯರಿಗೆ ಇದು ಮೊದಲೇ ಹೊಳೆಯುತ್ತದೆ. ಗಡಿಯಾಚೆ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿಯಲ್ಲಿ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ದಂಪತಿ 1993ರಲ್ಲಿ ಗುಡಿಸಲಿನಲ್ಲಿ ಆಸ್ಪತ್ರೆ ತೆರೆದರು. ಲಲಿತಾ ಪ್ರಸೂತಿ ತಜ್ಞೆ, ರೆಜಿ ಅರಿವಳಿಕೆ ಕಲಿತವರು. ಆ ಗುಡಿಸಲು ಜೀವ ಉಳಿಸುವ ಜಾಗವಾದದ್ದರ ಗುಟ್ಟು ಆ ಜೋಡಿಯಲ್ಲಿದೆ.

ಕಡಿಮೆ ಹಣದ ಚಿಕಿತ್ಸೆ ಎಂದರೆ ಕಳಪೆ ಚಿಕಿತ್ಸೆ ಎಂಬ ಭಾವನೆಯನ್ನು ಮಹಾರಾಷ್ಟ್ರದ ದೊಂಡಾಯಿಚಾದ ಡಾ. ಟೋಂಗಾಂವ್ಕರ್ ಸುಳ್ಳು ಮಾಡಿದರು. ಹರ್ನಿಯಾಕ್ಕೆ ಹಾಕುವ ಜಾಲರಿಗೆ ಸಾವಿರಾರು ರೂಪಾಯಿ ಆಗುತ್ತಿದ್ದ ಕಾಲದಲ್ಲಿ ಅವರು ಸೊಳ್ಳೆಪರದೆಯ ಬಟ್ಟೆಯನ್ನೇ ಕತ್ತರಿಸಿ, ಕ್ರಿಮಿಶುದ್ಧಿ ಮಾಡಿ ಬಳಸಿದರು. 2016ರಲ್ಲಿ ಪ್ರಕಟವಾದ ಉಗಾಂಡಾದ ಅಧ್ಯಯನ, ಸೊಳ್ಳೆಪರದೆಯ ಜಾಲರಿಗೂ ಕಂಪನಿಯ ಜಾಲರಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಮೂಟೆ ಹೊರುವ, ಕಲ್ಲು ಎತ್ತುವ ಕೂಲಿಯವನಿಗೆ ಹರ್ನಿಯಾ ಎಂದರೆ ದುಡಿಮೆಯೇ ನಿಂತಂತೆ. ಕರುಳು ಸಿಕ್ಕಿಕೊಂಡು ಕೊಳೆತರೆ ಪ್ರಾಣಕ್ಕೇ ಸಂಚಕಾರ.

ಇನ್ನು 2018ರ ಡಿಸೆಂಬರ್ 14ರ ಶುಕ್ರವಾರ. ಹನೂರು ಸೀಮೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆ. ಬಂದವರು ಪ್ರಸಾದವೆಂದು ಬಾತು ತಿಂದರು. ಅದರಲ್ಲಿ ಕೀಟನಾಶಕ ಬೆರೆಸಲಾಗಿತ್ತು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, 17 ಜನ ಸತ್ತರು. ಆ ಬಗೆಯ ವಿಷ ಮೈಯೊಳಗಿನ ನೀರೆಲ್ಲ ಬಾಯಿಗೂ ಶ್ವಾಸಕೋಶಕ್ಕೂ ನುಗ್ಗುವಂತೆ ಮಾಡುತ್ತದೆ, ಉಸಿರಾಡುವ ಸ್ನಾಯುಗಳನ್ನೇ ಸೋಲಿಸುತ್ತದೆ. ಅಟ್ರೋಪಿನ್ ಚುಚ್ಚುಮದ್ದಿನ ಜೊತೆಗೆ ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿನಲ್ಲಿ ದಿನಗಟ್ಟಲೆ ಉಸಿರಾಡಿಸಬೇಕು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಲ್ಲೂ ಕೊಳ್ಳೇಗಾಲದಲ್ಲೂ ಮೊದಲ ಚಿಕಿತ್ಸೆ ಪಡೆದ ಅನೇಕರನ್ನು ಮೈಸೂರಿಗೆ ಸಾಗಿಸಬೇಕಾಯಿತು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ.

ವಿಷಕ್ಕೂ ಆಪರೇಷನ್‌ಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಗಂಟಲಿಗೆ ಕೊಳವೆ ಇಳಿಸುವವರು ಯಾರು? ಸಿಸೇರಿಯನ್‌ನಲ್ಲಿ ತಾಯಿಯ ತಲೆಯ ಬಳಿ ಕೂರುವ ಅದೇ ಅರಿವಳಿಕೆ ವೈದ್ಯರು. ವೆಂಟಿಲೇಟರಿಗೆ ಬೇಕಾದ ಆಮ್ಲಜನಕ, ಕರೆಂಟು, ರಾತ್ರಿಪಾಳಿಯ ನರ್ಸ್ ಎಲ್ಲವೂ ಆಪರೇಷನ್ ಕೋಣೆಗೆ ಬೇಕಾದವೇ. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದ ರಾತ್ರಿ ಈ ಜಿಲ್ಲೆಯ ಮನೆಮನೆಗೂ ನೆನಪಿದೆ. ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ದಿನನಿತ್ಯ ಹತ್ತು ಸಣ್ಣ ಆಪರೇಷನ್ ಸುಸೂತ್ರವಾಗಿ ಮಾಡುವ ಆಸ್ಪತ್ರೆ ಮಾತ್ರ ವಿಪತ್ತು ಬಂದ ದಿನ ಎದ್ದು ನಿಲ್ಲಬಲ್ಲದು. 2010ರ ಹೈಟಿ ಭೂಕಂಪದ ನಂತರ ಗಡಿಗಳಿಲ್ಲದ ವೈದ್ಯರ ಸಂಸ್ಥೆ ಗಾಳಿ ತುಂಬಿ ನಿಲ್ಲಿಸುವ ಡೇರೆಯಲ್ಲಿ ಆಪರೇಷನ್ ಕೋಣೆ ತೆರೆಯಿತು. ಅಂಥ ಡೇರೆ ಬಂದು ನಿಲ್ಲುವುದಕ್ಕೂ ದಿನಗಳು ಹಿಡಿಯುತ್ತವೆ. ಮೊದಲ ರಾತ್ರಿ ಕಾಯುವುದು ಊರಿನ ಆಸ್ಪತ್ರೆಯೇ.

ಈ ಕಾಡು ಅಂಥ ವಿಪತ್ತುಗಳನ್ನು ಹಿಂದೆಯೂ ಕಂಡಿದೆ. 1992ರ ಆಗಸ್ಟ್ 14ರಂದು ಮಿಣ್ಯಂ ಬಳಿ ವೀರಪ್ಪನ್ ತಂಡದ ಹೊಂಚುದಾಳಿಗೆ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಸತ್ತರು. ಅದಕ್ಕೂ ಮೊದಲೇ ಗೋಪಿನಾಥಂನಲ್ಲಿ ಜನರಿಗಾಗಿ ಔಷಧಾಲಯ ತೆರೆದವರು ಒಬ್ಬ ಅರಣ್ಯಾಧಿಕಾರಿ, ಪಿ. ಶ್ರೀನಿವಾಸ್. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನೂ ಕೊಂದ. ಇಲ್ಲಿನವರಿಗೆ ಬಂದೂಕಿಗಿಂತ ಮೊದಲು ಬೇಕಾದದ್ದು ಮದ್ದು ಎಂದು ಆ ಮನುಷ್ಯ ಅರಿತಿದ್ದರು.

ಹಣದ ಮಾತು ಬಿಡುವಂತಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇರುವ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಅದು ನಿಜವಾಗಿ ಜೀವ ಉಳಿಸಿದ ಯೋಜನೆ. ಆದರೆ ಮೈಸೂರಿನಲ್ಲಿ ಹದಿನೈದು ದಿನ ರೋಗಿಯ ಜೊತೆ ಕೂತವನ ಕೂಲಿ, ಊಟ, ಬಸ್ಸಿನ ದುಡ್ಡು ಯಾವ ಕಾರ್ಡಿನಲ್ಲೂ ಇಲ್ಲ. ಮನೆಯಲ್ಲಿ ಕಟ್ಟಿದ್ದ ಮೇಕೆ, ಹಸು ಮಾರಾಟವಾಗುವುದು ಅದಕ್ಕೇ. ಆಸ್ಪತ್ರೆ ಹತ್ತಿರವಿದ್ದರೆ ಉಳಿಯುವುದು ಸಮಯ ಮಾತ್ರವಲ್ಲ, ಕೊಟ್ಟಿಗೆಯ ಹಸುವೂ.

ಹನೂರು ತಾಲ್ಲೂಕಿನ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ: ನಮಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇವತ್ತು ರಾತ್ರಿ ಹನ್ನೆರಡಕ್ಕೆ ಸಿಸೇರಿಯನ್ ಆಗುತ್ತದೆಯೇ? ಅರಿವಳಿಕೆ ವೈದ್ಯರು ಯಾರು, ರಾತ್ರಿ ಎಲ್ಲಿರುತ್ತಾರೆ? ರಕ್ತದ ಪೆಟ್ಟಿಗೆಯಲ್ಲಿ ಎಷ್ಟು ಬಾಟಲಿ ಇದೆ? ಆಮ್ಲಜನಕ ಎಷ್ಟು ಗಂಟೆಗೆ ಸಾಕು?